ಆಪಾ ವಕಾಲತ್ತು ವಹಿಸಿದ ಕಂಪನಿ

ಆಪಾ ನಿವೃತ್ತರಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನಮ್ಮ ಸ್ಟಾಫ್ ರೂಮಿನಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿದೆ. ಅವರಿದ್ದಾಗ ಅಲ್ಲೊಂದು ಗಡಿಯಾರವಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮಾತು ಎಲ್ಲಿಂದ ಶುರುವಾದರೂ ಅವರು ಅದನ್ನು ಲ್ಯಾಪ್‌ಟಾಪಿಗೆ ತಂದು ನಿಲ್ಲಿಸುತ್ತಿದ್ದರು. ಯಾರದೋ ಮಗಳಿಗೆ ವರ ಗೊತ್ತಾಗಿದೆ ಎಂದರೆ, "ಹುಡುಗ ಯಾವ ಕಂಪನಿ ಲ್ಯಾಪ್‌ಟಾಪ್ ಇಟ್ಟಾನ, ಕೇಳೀರೇನು?" ಯಾರಿಗೋ ಸೊಂಟ ಹಿಡಿದಿದೆ ಎಂದರೆ, "ಹಗುರಾನ ಮಷೀನ್ ಹೊತ್ತು ಹೊತ್ತು ಮೈ ಜಡ್ಡಾಗ್ಯಾದ ನಿಮ್ದು. ನಮ್ಮ ಕಂಪನೀದು ಹೊರ್ರಿ, ನೆಟ್ಟಗಾಗ್ತೀರಿ."

ಶಹಾಪುರದ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ದಿನಾ ದೋರನಹಳ್ಳಿಯಿಂದ ಬರುತ್ತಿದ್ದರು. ನಾನು ಸುರಪುರದಿಂದ ಬರುವ ಕನ್ನಡದವಳು. ಸಹೋದ್ಯೋಗಿಗಳ ಹೆಸರು ಅವರ ನಾಲಿಗೆಗೆ ಬರುತ್ತಲೇ ಇರಲಿಲ್ಲ, ವಿಷಯದ ಹೆಸರಿನಿಂದಲೇ ಕರೆಯುವರು. "ಏ ಕನ್ನಡಾ, ಬಾ ಇಲ್ಲಿ" ಎಂದರೆ ನಾನು. ನಮ್ಮ ಕಡೆಯಿಂದ ಅವರು ಎಲ್ಲರಿಗೂ ಆಪಾ, ಅಂದರೆ ಅಕ್ಕ. ವಿದ್ಯಾರ್ಥಿಗಳಿಗೂ ಆಪಾ, ಅವರ ತಾಯಂದಿರಿಗೂ ಆಪಾ, ಬಸ್ಸಿನ ಕಂಡಕ್ಟರಿಗೂ ಆಪಾ.

ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆಪಾ ಕೂಡ ಅದರ ಹೆಸರು ಹೇಳುತ್ತಿದ್ದುದು ಅಪರೂಪ. "ನಮ್ಮ ಕಂಪನಿ" ಎನ್ನುತ್ತಿದ್ದರು, ತವರಿನ ಮಾತಾಡುವವರ ಹಾಗೆ. ದೇಶದ ತುಂಬ ಮಾರಾಟವಾಗುವ ದೊಡ್ಡ ಕಂಪನಿ. ತನ್ನ ಪರವಾಗಿ ಶಹಾಪುರದಲ್ಲೊಬ್ಬರು ಹಗಲಿಡೀ ಗಂಟಲು ಹರಿದುಕೊಳ್ಳುತ್ತಾರೆಂದು ಅದಕ್ಕೆ ಗೊತ್ತಿರುವ ಸಂಭವವೇ ಇಲ್ಲ.

ಈ ಭಕ್ತಿ ಶುರುವಾದ ದಿನ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಯಾದಗಿರಿಯಲ್ಲಿ ತರಬೇತಿ ಮುಗಿಸಿ ಬಸ್ಸಿನಲ್ಲಿ ಮರಳುತ್ತಿದ್ದೆವು. ಆಪಾ ತಮ್ಮ ಹೊಸ ಲ್ಯಾಪ್‌ಟಾಪನ್ನು ತಲೆಯ ಮೇಲೆ ಸಾಮಾನು ಇಡುವ ಹಲಗೆಯಲ್ಲಿಟ್ಟಿದ್ದರು. ಎಮ್ಮೆಗಳು ಅಡ್ಡ ಬಂದವು, ಡ್ರೈವರ್ ಬ್ರೇಕ್ ಹಾಕಿದ, ಚೀಲ ಧೊಪ್ಪೆಂದು ಕೆಳಗೆ ಬಿದ್ದು ಮೆಟ್ಟಿಲ ಮೇಲೆ ಉರುಳಿ ತೆರೆದ ಬಾಗಿಲಿನಿಂದ ಹೊರಗೇ ಹೋಯಿತು. ಕಂಡಕ್ಟರ್ ಎತ್ತಿ ತಂದುಕೊಟ್ಟ. ಆಪಾ ತೊಡೆಯ ಮೇಲಿಟ್ಟುಕೊಂಡು ಗುಂಡಿ ಒತ್ತಿದರು. ಬಸ್ಸಿಗೆ ಬಸ್ಸೇ ಕತ್ತು ಉದ್ದ ಮಾಡಿ ನೋಡುತ್ತಿತ್ತು. ಪರದೆ ಬೆಳಗಿತು. ಹಿಂದಿನ ಸೀಟಿನ ಮುದುಕರೊಬ್ಬರು ಚಪ್ಪಾಳೆ ತಟ್ಟಿದರು, ನಾವೆಲ್ಲರೂ ತಟ್ಟಿದೆವು.

ಬಸ್ಸು ಆಗ ನಿಂತೇ ಇತ್ತು, ಚೀಲ ಬಿದ್ದದ್ದು ಮೆತ್ತನೆಯ ಮಣ್ಣಿನ ಮೇಲೆ. ಆದರೆ ಆಪಾ ಹೇಳುವಾಗ ಮೊದಲ ವರ್ಷ ಆ ಮಣ್ಣು ಡಾಂಬರಾಯಿತು, ಮರುವರ್ಷ ಕಲ್ಲಾಯಿತು, ಆಮೇಲೆ ಚೀಲ ಕಾಲುವೆಯ ಸೇತುವೆಯ ಮೇಲಿಂದಲೇ ಬೀಳತೊಡಗಿತು. ನಾನೊಮ್ಮೆ ಮಣ್ಣಿನ ನೆನಪು ಮಾಡಿದೆ. "ನೀ ಸುಮ್ಮ ಕೂಡು ಕನ್ನಡಾ, ನಿನಗ ಕಲ್ಲಿಗೂ ಮಣ್ಣಿಗೂ ಫರಕ್ ಗೊತ್ತಾಗಂಗಿಲ್ಲ" ಎಂದು ಬಾಯಿ ಮುಚ್ಚಿಸಿದರು. ನಾನೂ ಮುಚ್ಚಿಕೊಂಡೆ, ಕಥೆ ಅವರ ಬಾಯಲ್ಲಿ ಅಷ್ಟು ಚೆನ್ನಾಗಿತ್ತು.

ಅವರಿಗೆ ಸರಿಸಾಟಿಯಾಗಿ ನಿಂತವರು ಭೌತಶಾಸ್ತ್ರದ ಸರ್ ಒಬ್ಬರೇ. ಅವರದು ಬೇರೆ ಕಂಪನಿ, ತೆಳ್ಳಗೆ ಹೊಳೆಯುವ ಮಷೀನು. ಆಪಾ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದು ಲ್ಯಾಪ್‌ಟಾಪ್ ಏನ್ರಿ ಸರ್, ಹಪ್ಪಳ ಏನ್ರಿ?" ಎಂದು ಕೇಳುವರು. ಸರ್ ಬಿಡುತ್ತಿರಲಿಲ್ಲ. "ನಿಮ್ದು ನೆಲಕ್ಕ ಹಾಸೂ ಫರಸಿ ಕಲ್ಲರಿ ಆಪಾ. ಎರಡು ಕೂಡಿಸಿದ್ರ ಕಟ್ಟಿ ಆಗ್ತದ." ಕೀಲಿಮಣೆಯ ಬಿಗಿ, ಬ್ಯಾಟರಿಯ ಬಾಳಿಕೆ, ಕಲಬುರಗಿಯ ಸರ್ವಿಸ್ ಸೆಂಟರಿನವರ ನಡತೆ, ಇವೆಲ್ಲ ದಿನದ ವಾದದ ಸರಕು. ಇಬ್ಬರೂ ಸೋಲುತ್ತಿರಲಿಲ್ಲ. ಗಂಟೆ ಹೊಡೆದಾಗ ಆಪಾ ತಮ್ಮ ಬಾಟಲಿಯ ನೀರನ್ನು ಸರ್‌ಗೆ ಕೊಟ್ಟು, ಗಂಟಲು ತೋಯಿಸಿಕೊಂಡು ಕ್ಲಾಸಿಗೆ ಹೋಗಿರಿ ಎನ್ನುವರು.

ಆ ಬಾಟಲಿಯ ನೀರಿನ ಬಗ್ಗೆಯೂ ಹೇಳಬೇಕು. ಅವರು ಸೊಸೆಯಾಗಿ ದೋರನಹಳ್ಳಿಗೆ ಬಂದ ವರ್ಷವೇ ಅವರ ಹೊಲಕ್ಕೆ ಕಾಲುವೆ ನೀರು ಬಂತಂತೆ. ಅದು ಬಸಿದು ಬಸಿದು, ಸವಳಾಗಿದ್ದ ಮನೆಯ ಬಾವಿಯೂ ಕೆಲವು ವರ್ಷಗಳಲ್ಲಿ ಸಿಹಿಯಾಯಿತಂತೆ. ಅತ್ತೆ ಅದೆಲ್ಲ ಸೊಸೆಯ ಕಾಲ್ಗುಣ ಎಂದು ಊರಿಗೆಲ್ಲ ಹೇಳಿದರಂತೆ. ಶಹಾಪುರದಲ್ಲಿ ನಮಗೆ ಸಿಗುವುದು ಬೋರಿನ ಉಪ್ಪು ನೀರು, ಹಾಗಾಗಿ ಆಪಾರ ಬಾಟಲಿ ಊಟದ ಹೊತ್ತಿಗೆ ಖಾಲಿಯಾಗುತ್ತಿತ್ತು.

ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳುವ ಕಾಲ ಬಂದಾಗ ಆಪಾರಿಗೆ ಒಮ್ಮೆಗೇ ಬೇಡಿಕೆ ಬಂತು. ಯಾವ ಲ್ಯಾಪ್‌ಟಾಪ್ ತರಬೇಕೆಂದು ಕೇಳಲು ಜನ ಕಾಲೇಜಿಗೇ ಬರತೊಡಗಿದರು. ಆಪಾರ ಉತ್ತರ ಒಂದೇ. ತಂದವರು ಪೆಟ್ಟಿಗೆಯನ್ನು ತಾವಾಗಿ ತೆರೆಯುತ್ತಿರಲಿಲ್ಲ, ಆಪಾ ಬಂದು ಸೀಲ್ ಒಡೆಯಬೇಕು. ಅದು ಹೇಗೋ ಊರಿನ ಪದ್ಧತಿಯೇ ಆಗಿಹೋಯಿತು. ಅವರು ಸಂಜೆ ಕಾಲೇಜು ಬಿಟ್ಟ ಮೇಲೆ ಹೋಗುವರು, ಜೊತೆಗೆ ನನ್ನನ್ನೂ ಎಳೆದುಕೊಂಡು. ಕೈ ತೊಳೆದು, ಮಂಚದ ಮೇಲೆ ತೊಳೆದ ಚಾದರ ಹಾಸಿಸಿ, ಬಿಸ್ಮಿಲ್ಲಾ ಎಂದು ಸೀಲ್ ಒಡೆಯುವರು. ಗುಂಡಿ ಒತ್ತಲು ಮನೆಯ ಹುಡುಗರು ಮುನ್ನುಗ್ಗಿದರೆ ಹಿಂದೆ ತಳ್ಳಿ ತಾಯಿಯನ್ನು ಕರೆಯುವರು. ಮೊದಲು ಟೈಪಾಗುವುದು ತಾಯಿಯ ಹೆಸರೇ, ಅದೂ ಕನ್ನಡದಲ್ಲಿ.

ಶರಣಮ್ಮನ ಮನೆಯ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಶರಣಮ್ಮ ಅಂಗನವಾಡಿ ಕಾರ್ಯಕರ್ತೆ, ಮಗಳು ಭಾಗ್ಯ ಬಿಎಸ್ಸಿ ಓದುತ್ತಿದ್ದಳು, ಪಿಯುಸಿಯಲ್ಲಿ ಆಪಾರ ಶಿಷ್ಯೆ. ಪರದೆಯ ಮೇಲೆ ದೊಡ್ಡದಾಗಿ "ಶರಣಮ್ಮ" ಎಂದು ಮೂಡಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಅಯ್ಯ, ಟಿವ್ಯಾಗ ಬಂದಂಗ ಬಂತಲ್ರಿ ನನ್ನ ಹೆಸರು" ಎಂದಳು. ಹೊರಡುವಾಗ ಆಪಾ ಎಲ್ಲ ಮನೆಗಳಲ್ಲಿ ಹೇಳುವ ಕೊನೆಯ ಮಾತನ್ನು ಅಲ್ಲೂ ಹೇಳಿದರು. "ಬ್ಯಾಸಗ್ಯಾಗ ಇದನ್ನ ಕೂಲರ್ ಮುಂದ ಇಟ್ಟು ಕೆಲಸ ಮಾಡ್ರಿ. ನಮಗ ಸೆಕಿ ಆದಂಗ ಅದಕ್ಕೂ ಆಗ್ತದ. ನಂದು ಮೂರು ಬ್ಯಾಸಗಿ ಕೂಲರ್ ಮುಂದ ಕುಂತದ, ಹೂವಿನಂಗ ಅದ."

ಈ ಮಾತನ್ನು ಎಲ್ಲರೂ ತಪ್ಪದೆ ಪಾಲಿಸಿದರು. ನಮ್ಮ ಬಿಸಿಲು ಗೊತ್ತಿದ್ದ ಯಾರಿಗೂ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಕೆಲವರ ಮನೆಯಲ್ಲಿ ಮುದುಕರನ್ನು ಸರಿಸಿ ಲ್ಯಾಪ್‌ಟಾಪಿಗೆ ಕೂಲರ್ ಮುಂದಿನ ಜಾಗ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಎರಡನೆಯ ಬೇಸಿಗೆಯಲ್ಲಿ ಲ್ಯಾಪ್‌ಟಾಪ್‌ಗಳು ಸಾಯತೊಡಗಿದವು. ಮೊದಲು ಒಂದು, ಆಮೇಲೆ ಓಣಿಗೊಂದು. ಎಲ್ಲ ಆಪಾರ ಕಂಪನಿಯವೇ, ಏಕೆಂದರೆ ಊರಲ್ಲಿ ಇದ್ದದ್ದೇ ಹೆಚ್ಚಾಗಿ ಅವು. ಬಸ್ ಸ್ಟ್ಯಾಂಡಿನ ರಿಪೇರಿಯವನು ತೆರೆದು ನೋಡಿ, ಬೋರ್ಡು ಹೋಗಿದೆ ಎಂದು ಮತ್ತೆ ಮುಚ್ಚಿಕೊಡುತ್ತಿದ್ದ. ಆ ಕಂಪನಿ ನಮ್ಮ ಊರಿಗೆ ಆಗಿ ಬರುವುದಿಲ್ಲ ಎಂದು ಜನ ಮಾತಾಡಿದರು. ಭೌತಶಾಸ್ತ್ರದ ಸರ್ ಪಾಪ, ಗೆದ್ದರೂ ಒಂದು ಮಾತು ಆಡಲಿಲ್ಲ. ಆಪಾ ಮಾತ್ರ ಒಬ್ಬೊಬ್ಬರನ್ನೂ ಹಿಡಿದು ವಾದಿಸಿದರು. ಕರೆಂಟು ಸರಿ ಇಲ್ಲ, ಚಾರ್ಜರ್ ಬದಲಾಗಿದೆ, ಮಕ್ಕಳು ಕೆಡವಿರಬೇಕು.

ಪೂರಕ ಪರೀಕ್ಷೆಯ ಡ್ಯೂಟಿ ನಡೆಯುತ್ತಿದ್ದ ಒಂದು ದಿನ ಶರಣಮ್ಮ ಕಾಲೇಜಿಗೆ ಬಂದಳು. ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು, ಟವೆಲಿನಲ್ಲಿ ಸುತ್ತಿದ್ದಳು. ಅದನ್ನು ಆಪಾರ ಮೇಜಿನ ಮೇಲಿಟ್ಟಳು. ಭಾಗ್ಯಳ ಕೊನೆಯ ವರ್ಷದ ಪ್ರಾಜೆಕ್ಟ್ ಪೂರಾ ಅದರಲ್ಲೇ ಇತ್ತಂತೆ, ಒಪ್ಪಿಸುವ ದಿನ ಹತ್ತಿರ ಬಂದಿತ್ತು.

"ನಿಮ್ಮ ಮಾತಿನ ಮ್ಯಾಲ ತಂದಿದ್ವಿರಿ ಆಪಾ," ಎಂದಳು. ಬೈಯಲಿಲ್ಲ. ಕೂತುಕೊಳ್ಳಿರೆಂದರೂ ಕೂರದೆ ಹೋದಳು.

ಆಪಾ ಅವತ್ತು ಊಟ ಮಾಡಲಿಲ್ಲ. ಅವರಿಗೆ ಹೊಲ ಮನೆ ಎಲ್ಲ ಇತ್ತು, ಆದರೆ ನಿಜವಾಗಿ ಸುಖ ಕೊಟ್ಟಿದ್ದು ತಮ್ಮ ಮಾತನ್ನು ಜನ ನಂಬುತ್ತಾರೆಂಬುದು. ಅದು ಕೈಬಿಟ್ಟು ಹೋಗುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು, ನನಗೆ ನೋಡಲಾಗಲಿಲ್ಲ.

ಮರುದಿನ ಅವರು ಬೇರೆಯೇ ಮಾತಿನೊಂದಿಗೆ ಬಂದರು. "ಕನ್ನಡಾ, ಒಂದು ಹೇಳು. ದೋರನಹಳ್ಳ್ಯಾಗೂ ನಾನು ಭಾಳ ಮಂದಿಗೆ ಕೊಡಿಸೀನಿ. ಅಲ್ಲಿ ಒಂದೂ ಸತ್ತಿಲ್ಲ. ಇಲ್ಲೇ ಯಾಕ ಸಾಯಾಕತ್ತಾವ?" ಎನ್ನುತ್ತಲೇ ಶರಣಮ್ಮ ಬಿಟ್ಟುಹೋದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡರು. "ನಡಿ, ಶರಣಮ್ಮನ ಮನಿಗಿ. ಅದು ಎಲ್ಲಿ ಕುಂತಿತ್ತು ನೋಡಬೇಕು."

ಶರಣಮ್ಮ ಬಾಗಿಲು ತೆರೆದಳು, ಒಳಗೆ ಬನ್ನಿರಿ ಎಂದಳು, ಆದರೆ ಮೊದಲಿನ ನಗು ಇರಲಿಲ್ಲ. ಭಾಗ್ಯ ಮೇಜು ತೋರಿಸಿದಳು. ಎದುರಿಗೇ ಕೂಲರ್, ಮಾರುದೂರ ಕೂಡ ಇಲ್ಲ. ಆಪಾ ಕೂಲರಿನ ಬದಿಗೆ ನೀರು ಹಿಡಿಯಲೆಂದು ತುಂಬುವ ಹುಲ್ಲನ್ನು ನೋಡಿದರು. ಬೋರಿನ ನೀರು ಆರಿ ಆರಿ ಹುಲ್ಲಿನ ಮೇಲೆ ಬೆಳ್ಳಗೆ ಹಿಟ್ಟು ಕಟ್ಟಿತ್ತು. ಆಪಾ ಉಗುರಿನಿಂದ ಕೆರೆದು ನೋಡಿ, ಚೀಲದಿಂದ ಆ ಸತ್ತ ಲ್ಯಾಪ್‌ಟಾಪ್ ತೆಗೆದು ಬೆನ್ನು ತಿರುಗಿಸಿದರು. ಗಾಳಿ ಎಳೆದುಕೊಳ್ಳುವ ಜಾಲರಿಯ ಸಂದಿಯಲ್ಲಿ ಅದೇ ಬಿಳಿ ಹಿಟ್ಟು. ಕೂಲರ್ ಎರಚುವ ಸಣ್ಣ ತುಂತುರನ್ನು ಲ್ಯಾಪ್‌ಟಾಪ್ ಎರಡು ಬೇಸಿಗೆ ಕುಡಿದಿತ್ತು. ಆಪಾ ನನ್ನ ತೋಳು ಹಿಡಿದುಕೊಂಡ ಬಿಗಿಗೆ ಸಂಜೆಯವರೆಗೆ ನೋವಿತ್ತು.

ಎರಡೂ ಹಿಟ್ಟನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡು ಸೀದಾ ಕಾಲೇಜಿನ ಲ್ಯಾಬಿಗೆ ಬಂದೆವು. ಭಾಗ್ಯಳೂ ಹಿಂದೆ ಬಂದಳು. ಸುದ್ದಿ ತಿಳಿದು ಭೌತಶಾಸ್ತ್ರದ ಸರ್ ಓಡಿ ಬಂದರು. ಆಪಾ ಕೋಟು ಹಾಕಿಕೊಳ್ಳುವುದನ್ನೂ ಮರೆತು ಎರಡು ಪ್ರನಾಳಗಳಿಗೆ ಹಿಟ್ಟು ಹಾಕಿ ಆ್ಯಸಿಡ್ ಬಿಟ್ಟರು. ಎರಡರಲ್ಲೂ ಬುಸ್ ಎಂದು ನೊರೆ ಎದ್ದಿತು.

"ಕಾರ್ಬೋನೇಟ್," ಎಂದರು ಆಪಾ, ಆಮೇಲೆ ನಗತೊಡಗಿದರು. "ಸರ್ವೀಸ್ ಪೂರಾ ಹುಡುಗ್ರಿಗಿ ಸಾಲ್ಟ್ ಅನಾಲಿಸಿಸ್ ಕಲಿಸೀನಿ. ಉಪ್ಪು ಕಂಡ್ ಹಿಡಿರಿ, ಉಪ್ಪು ಕಂಡ್ ಹಿಡಿರಿ ಅಂತ ಬಡಕೊಂಡೀನಿ. ಇಲ್ಲಿ ನೋಡು ಕನ್ನಡಾ, ಊರಿಗೆ ಊರ ಮಷೀನಿಗಿ ಉಪ್ಪು ತಿನ್ಸೀನಿ ನಾನ." ತಮ್ಮದು ಏಕೆ ಬದುಕಿತ್ತೆಂಬುದೂ ಅವರಿಗೆ ಆಗಲೇ ಹೊಳೆದಿತ್ತು. ದೋರನಹಳ್ಳಿಯ ಕೂಲರ್‌ಗಳಲ್ಲಿ ಇದ್ದದ್ದು ಕಾಲುವೆ ಬಸಿದು ಸಿಹಿಯಾದ ಬಾವಿಯ ನೀರು. ಶಹಾಪುರಕ್ಕೆ ಅವರು ತಮ್ಮ ಅನುಭವ ಕೊಟ್ಟಿದ್ದರು, ನೀರು ಕೊಡಲು ಬರುತ್ತಿರಲಿಲ್ಲ.

ಸರ್ ಮೆಲ್ಲಗೆ ಹೇಳಿದರು. "ಇದು ನಾಲ್ಕು ಮಂದೀಗಿ ಬಿಟ್ರ ಯಾರಿಗೂ ಗೊತ್ತಿಲ್ರಿ ಆಪಾ. ಸುಮ್ಮ ಬಿಟ್ಟುಬಿಡ್ರಿ. ಜನ ಕಂಪನೀಗಿ ಬೈತಾರ, ಬೈಲಿ. ಅದಕ್ಕೇನ್ ಕಿವಿ ಅದಾವ?"

"ಕಿವಿ ಇಲ್ಲ ಖರೇ ಸರ್," ಎಂದರು ಆಪಾ. "ಬಾಯೀನೂ ಇಲ್ಲ ಅದಕ್ಕ. ನಾನ ಮಾಡಿದ್ದು ಅದರ ಮ್ಯಾಲ ಹಾಕಿ ಸುಮ್ಮ ಕುಂದ್ರೂದು ಹ್ಯಾಂಗ?" ಎನ್ನುತ್ತಲೇ ಪ್ರನಾಳ ತೊಳೆಯಲು ಹೋದರು.

ಮರುದಿನದಿಂದ ಆಪಾ ಸೀಲ್ ಒಡೆದ ಪ್ರತಿ ಮನೆಗೂ ಹೋದರು. ಆ್ಯಸಿಡ್ ಬಾಟಲಿಯನ್ನೇ ಒಯ್ಯುವವರಿದ್ದರು, ನಾನು ಕೈಮುಗಿದು ತಡೆದೆ. ಅದರ ಬದಲು ಚೀಲದ ತುಂಬ ನಿಂಬೆಹಣ್ಣು ತುಂಬಿಕೊಂಡರು. ಮನೆಯೊಳಗೆ ಹೋದವರೇ ಕೂಲರಿನ ಬಿಳಿ ಹಿಟ್ಟಿನ ಮೇಲೆ ನಿಂಬೆ ಹಿಂಡಿ ಗುಳ್ಳೆ ಏಳುವುದನ್ನು ತೋರಿಸುವುದು, ಆಮೇಲೆ ವಿಷಯ ಹೇಳುವುದು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ನಿಂಬೆಹಣ್ಣು ಕಂಡು ಹೆದರಿ, "ಏನ್ ದೃಷ್ಟಿ ತೆಗ್ಯಾಕ ಬಂದೀಯೇನವಾ?" ಎಂದು ಕೇಳಿದಳು. "ಹೌದಬೇ, ನಮ್ಮ ಕಂಪನಿ ಮ್ಯಾಲಿನ ದೃಷ್ಟಿ ತೆಗ್ಯಾಕ ಬಂದೀನಿ" ಎಂದರು ಆಪಾ.

ಅವರು ಹೇಳುವ ಧಾಟಿ ಹೇಗಿತ್ತೆಂದರೆ, ಕೇಳಿದವರಿಗೆ ಇದು ತಪ್ಪೊಪ್ಪಿಗೆಯೋ ಶುಭ ಸಮಾಚಾರವೋ ತಿಳಿಯುತ್ತಿರಲಿಲ್ಲ. "ಕಂಪನೀದು ಏನೂ ತಪ್ಪಿಲ್ರಿ, ಪೂರಾ ನಂದ ತಪ್ಪು" ಎಂದು ಕಣ್ಣರಳಿಸಿ ಹೇಳುವರು. ಕೆಲವರು ನಕ್ಕು ಚಹಾ ಕೊಟ್ಟರು. ಒಬ್ಬ ತಂದೆ ಮಾತ್ರ ಬಾಗಿಲಲ್ಲೇ ನಿಂತು, "ಈಗ ಹೇಳಿದ್ರ ಏನ್ ಬಂತ್ರಿ?" ಎಂದು ಒಳಗೆ ಹೋದ. ಆಪಾ ಹಿಂಡದೆ ಉಳಿದ ನಿಂಬೆಹಣ್ಣನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಮುಂದಿನ ಮನೆಗೆ ನಡೆದರು.

ಕೊನೆಗೆ ಶರಣಮ್ಮನ ಮನೆ. ಅಲ್ಲಿ ನಿಂಬೆಹಣ್ಣು ತೆಗೆಯಲಿಲ್ಲ. ತಮ್ಮ ಲ್ಯಾಪ್‌ಟಾಪನ್ನು, ಬಸ್ಸಿನಿಂದ ಬಿದ್ದು ಬದುಕಿದ ಅದೇ ಲ್ಯಾಪ್‌ಟಾಪನ್ನು, ಭಾಗ್ಯಳ ಕೈಗಿಟ್ಟು, "ಓದು ಮುಗಿಯೂತನಕ ನಿನ್ ಹತ್ರ ಇರಲಿ. ಪ್ರಾಜೆಕ್ಟ್ ಮತ್ತ ಶುರು ಮಾಡು, ನಾ ಕುಂದ್ರತೀನಿ ಜೋಡಿ" ಎಂದರು. ಭಾಗ್ಯ ತಾಯಿಯ ಮುಖ ನೋಡಿದಳು. ಶರಣಮ್ಮ ಬೇಡ ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಆ ವಾರ ಪೂರ್ತಿ ಆಪಾ ಸಂಜೆ ಅಲ್ಲಿ ಕೂತು ಹುಡುಗಿಯ ಕೈಲಿ ಎಲ್ಲವನ್ನೂ ಮತ್ತೆ ಬರೆಸಿದರು. ಹೇಳಿದ ದಿನಕ್ಕೆ ಸರಿಯಾಗಿ ಪ್ರಾಜೆಕ್ಟ್ ಒಪ್ಪಿಸಿದ್ದಾಯಿತು.

ಅದಾದ ಮೇಲೆ ಪೆಟ್ಟಿಗೆಗಳು ಬರುವುದು ನಿಂತಿತು. ಜನ ತಮ್ಮ ಪಾಡಿಗೆ ಯಾದಗಿರಿಗೋ ಕಲಬುರಗಿಗೋ ಹೋಗಿ ಬೇರೆ ಬೇರೆ ಕಂಪನಿಯವನ್ನು ತಂದು, ತಾವೇ ತೆರೆದುಕೊಂಡರು. ಆಪಾರೊಡನೆ ಯಾರಿಗೂ ಜಗಳವಿರಲಿಲ್ಲ, ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುವರು. ಲ್ಯಾಪ್‌ಟಾಪಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಆಪಾರ ವಾದ ನಡೆದೇ ಇತ್ತು, ಸರ್ ಜೊತೆ ಹಪ್ಪಳ ಮತ್ತು ಫರಸಿಕಲ್ಲಿನ ಜಗಳವೂ. ಆದರೆ ಹೊರಗಿನವರು ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಆಪಾ ಮಾತು ನಿಲ್ಲಿಸಿ ತಲೆಯೆತ್ತಿ ಬಂದವರ ಕೈಯನ್ನು ನೋಡುವರು. ಕೈಯಲ್ಲಿ ಪೆಟ್ಟಿಗೆ ಇರುತ್ತಿರಲಿಲ್ಲ.

ಅವರ ಬೀಳ್ಕೊಡುಗೆ ಮೇ ತಿಂಗಳ ಕೊನೆಗೆ ಬಂತು. ನಮ್ಮ ಊರಿನ ಮೇ ಎಂದರೆ ಕೇಳಬೇಕೆ? ಸಭಾಂಗಣಕ್ಕೆ ಬಾಡಿಗೆಯ ದೊಡ್ಡ ಕೂಲರ್ ತಂದು ವೇದಿಕೆಯ ಕಡೆಗೇ ಮುಖ ಮಾಡಿ ಇಟ್ಟಿದ್ದೆವು. ಆಪಾರಿಗೆ ಶಾಲು ಹೊದಿಸಿದ್ದಾಗಿತ್ತು. ಪ್ರಾಚಾರ್ಯರು ಮಾತಾಡುತ್ತಿದ್ದರು. ಆಗ ಬಾಗಿಲಲ್ಲಿ ಶರಣಮ್ಮ ಮತ್ತು ಭಾಗ್ಯ ಬಂದರು. ಭಾಗ್ಯ ಈಗ ಸೈದಾಪುರದ ಕಡೆ, ಕಡೇಚೂರಿನ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಆಪಾ ತಲೆಯೆತ್ತಿ ಅವಳ ಕೈ ನೋಡಿದರು. ಕೈಯಲ್ಲಿ ಪೆಟ್ಟಿಗೆ ಇತ್ತು.

ತಾಯಿ ಮಗಳು ನಡುವಿನ ದಾರಿಯಲ್ಲಿ ಸೀದಾ ವೇದಿಕೆಗೆ ನಡೆದು ಬಂದರು. ಪ್ರಾಚಾರ್ಯರು ಭಾಷಣ ನಿಲ್ಲಿಸಿದರು. ಪೆಟ್ಟಿಗೆಯ ಮೇಲೆ ಆಪಾರ ಕಂಪನಿಯ ಗುರುತು, ಸೀಲ್ ಹಾಗೇ ಇದೆ. ಭಾಗ್ಯ ಇನ್ನೊಂದು ಚೀಲದಿಂದ ಆಪಾರ ಹಳೆಯ ಲ್ಯಾಪ್‌ಟಾಪನ್ನೂ ತೆಗೆದು ಪಕ್ಕದಲ್ಲಿಟ್ಟಳು. "ಇದು ನಿಮ್ದು ಆಪಾ. ಅದು ನಂದು, ನಿನ್ನಿ ತಂದೀವಿ."

"ತೆಗಿರ್ರಿ ಆಪಾ," ಎಂದಳು ಶರಣಮ್ಮ. "ನೀವು ತೆಗೀಲಾರದ ನಾವು ಮುಟ್ಟಿಲ್ಲ."

ಇಷ್ಟು ವರ್ಷದಲ್ಲಿ ಆಪಾ ಒಂದೂ ಮಾತಾಡದೆ ಪೆಟ್ಟಿಗೆ ತೆರೆದದ್ದನ್ನು ನಾನು ಕಂಡದ್ದು ಅವತ್ತು ಮಾತ್ರ. ಬಿಸ್ಮಿಲ್ಲಾ ಎಂದದ್ದು ತುಟಿಯಲ್ಲಷ್ಟೇ ಕಾಣಿಸಿತು. ಶರಣಮ್ಮನನ್ನು ಕರೆದು ಗುಂಡಿ ಒತ್ತಿಸಿದರು. ಪರದೆ ಬೆಳಗಿದಾಗ, ಹೆಸರು ಟೈಪ್ ಮಾಡು ಎಂದು ಭಾಗ್ಯಳಿಗೆ ಸನ್ನೆ ಮಾಡಿದರು. ಭಾಗ್ಯ ತಾಯಿಯ ಕಡೆ ನೋಡಿದಳು. "ಆಪಾಂದ ಬರಿ," ಎಂದಳು ಶರಣಮ್ಮ. ಎರಡೇ ಅಕ್ಷರ, ಪರದೆಯ ತುಂಬ ಮೂಡಿದವು. ನಾನು ಅತ್ತುಬಿಟ್ಟೆ, ಅದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ. ಭೌತಶಾಸ್ತ್ರದ ಸರ್ ಕನ್ನಡಕ ತೆಗೆದು ಒರೆಸುತ್ತಿದ್ದರು.

ಆಪಾ ಆ ಎರಡಕ್ಷರವನ್ನು ನೋಡುತ್ತ ಇದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿದರು. ಎದುರಿಗೆ ಬಾಡಿಗೆ ಕೂಲರ್, ಬೋರಿನ ನೀರು ತುಂಬಿಕೊಂಡು ಅವರ ಮುಖಕ್ಕೇ ಬೀಸುತ್ತಿತ್ತು. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಹೆಗಲ ಮೇಲಿನ ಸನ್ಮಾನದ ಶಾಲು ಎಳೆದು, ಎರಡೂ ಲ್ಯಾಪ್‌ಟಾಪ್‌ಗಳ ಮೇಲೆ ಹೊದಿಸಿ, "ಅರೇ, ಮೊದ್ಲು ಅದರ ಮಾರಿ ಆ ಕಡಿ ತಿರುಗಸ್ರಿ, ಮಾತು ಆಮ್ಯಾಲ ಆಡ್ರಿ" ಎಂದರು.

ಸರ್ ಓಡಿ ಹೋಗಿ ಕೂಲರನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಸಮಾರಂಭ ಮುಗಿಯುವವರೆಗೂ ಪ್ರಾಚಾರ್ಯರಿಂದ ಹಿಡಿದು ನಾವೆಲ್ಲರೂ ಬೆವರಿನಲ್ಲಿ ತೊಯ್ದು ಕೂತಿದ್ದೆವು. ಯಾರೂ ಎದ್ದು ಹೋಗಿ ಅದನ್ನು ಈ ಕಡೆ ತಿರುಗಿಸಲಿಲ್ಲ.